ದಿಂಬು

ಕಲ್ಲುಗಣಿಯ ಹಳೆಯ ಫೋರ್-ವೀಲ್ ಪಿಕಪ್ಪಿಗೆ ಮುಂದೆಯೂ ಲಾರಿಯಂತೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಗಡುಸು ಪ್ಲೇಟ್ ಸ್ಪ್ರಿಂಗು. ಪ್ರತಿ ಗುಂಡಿಯೂ ನೇರವಾಗಿ ಡ್ರೈವರ್ ಹುಲಗಪ್ಪನ ಸೊಂಟಕ್ಕೇ ಬಡಿಯುತ್ತಿತ್ತು. ಹನ್ನೆರಡು ವರ್ಷದಿಂದ ಅವನು ಕೇಳುತ್ತಿದ್ದುದು ಒಂದೇ.

“ಸಾವ್ಕಾರ್ರ, ಮುಂದಿನವು ಎರಡು ಪ್ಲೇಟ್ ತೆಗಿಸ್ರೀ. ಮೆತ್ತಗಾಗತೈತಿ.”

“ಭಾರ ತಡೀಬೇಕಲ್ಲೋ. ಬೆನ್ನಿಗೆ ದಿಂಬು ಇಟ್ಕೊ.”

ಸೊಂಟ ಹಿಡಿದು ವಾರಗಟ್ಟಲೆ ಮಲಗಿದ್ದವನು ಎದ್ದು ಬಂದ ದಿನ, ಗಣಿಯ ದಾರಿಯಲ್ಲಿ ಗಾಡಿ ತೊಟ್ಟಿಲಿನಂತೆ ತೂಗಿತು. ಇಳಿದು ಬಗ್ಗಿ ನೋಡಿದ. ಎರಡು ಪ್ಲೇಟು ಕಮ್ಮಿ. ಸಾಹುಕಾರರ ಮುಂದೆ ಕೈಮುಗಿದು ನಿಂತ.

“ನನ್ನ ನಡದ ಚಿಂತಿ ನಿಮಗೂ ಇತ್ತ್ರೀ.”

ಸಾಹುಕಾರರು ತಲೆಯೆತ್ತಲಿಲ್ಲ.

“ನಾಳೆ ಗಾಡಿ ಕೊಳ್ಳಾವ್ರು ಬರ್ತಾರ, ಅವರ ಡ್ರೈವರ್ ಓಡ್ಸಿ ನೋಡ್ತಾನ. ಆ ದಿಂಬು ಇವತ್ತ ಮನಿಗೆ ಒಯ್ದುಬಿಡು.”