ಮೂರು ಗಂಟೆಯ ಆಚೆ ಈಚೆ

"ವಿಮಾನ ಎಷ್ಟಕ್ಕೆ ಹಾರಿದ್ದು, ಎಷ್ಟಕ್ಕೆ ಇಳಿದದ್ದು? ಸಮಾ ಹೇಳು," ಎಂದ ಅಣ್ಣಪ್ಪ. ಬೆಳಿಗ್ಗೆ ತಮ್ಮ ಸುಧಾಕರನ ಚಿತೆಗೆ ಬೆಂಕಿ ಕೊಟ್ಟು ಬಂದವನು ಇನ್ನೂ ತಲೆ ಒರೆಸಿಕೊಂಡಿರಲಿಲ್ಲ.

"ಮುಂಬೈ ಬಿಟ್ಟದ್ದು ಒಂದೂ ಐವತ್ತಕ್ಕೆ. ಮಂಗಳೂರಲ್ಲಿ ಇಳಿದದ್ದು ಮೂರೂ ಇಪ್ಪತ್ತಕ್ಕೆ, ದೊಡ್ಡಪ್ಪ," ಎಂದಳು ಸುಧಾಕರನ ಮಗಳು ಧನ್ಯಶ್ರೀ.

ಜೀವಮಾನವೆಲ್ಲ ಮುಂಬೈಯಲ್ಲಿ ಮೀನು ಬೋಟು ಓಡಿಸಿದ ಸುಧಾಕರ, ಮಗಳ ಹೆರಿಗೆಗೆಂದು ಮೊದಲ ಸಲ ವಿಮಾನ ಹತ್ತಿದ್ದ. ಕೂತ ಸೀಟಿನಲ್ಲೇ ತೀರಿಹೋಗಿದ್ದ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿದ್ದದ್ದು ವಿಮಾನ ಇಳಿದ ಹೊತ್ತು ಮಾತ್ರ. ಭಟ್ಟರಿಗೆ ಜೀವ ಹೋದ ಹೊತ್ತೇ ಬೇಕಿತ್ತು. ನಿನ್ನೆ ಮೂರರವರೆಗೆ ಶ್ರವಣ ನಕ್ಷತ್ರ, ಆಮೇಲೆ ಧನಿಷ್ಠೆ. ಧನಿಷ್ಠೆಯಲ್ಲಿ ಸತ್ತಿದ್ದರೆ ದೋಷ, ಮನೆಗೆ ಆರು ತಿಂಗಳು ಬೀಗ. ಎಂಟು ತಿಂಗಳ ಬಸುರಿ ಎಲ್ಲಿಗೆ ಹೋಗಬೇಕು?

ಪಕ್ಕದ ಸೀಟಿನವರು ಫೋನಿನಲ್ಲಿ ಒಂದು ಮಾತು ಹೇಳಿದ್ದರು. ಕಡಲಿಗೆ ಚಾಚಿದ ಮುರ್ಡೇಶ್ವರದ ಗುಡ್ಡ ಕಂಡಾಗ ಸುಧಾಕರ, "ಅಗೋ, ನಮ್ಮೂರು" ಎಂದು ತೋರಿಸಿ ಹಾಗೇ ತಲೆ ವಾಲಿಸಿದನಂತೆ. ಧನ್ಯಶ್ರೀ ಮೊಬೈಲಿನಲ್ಲಿ ಎರಡು ನಿಲ್ದಾಣಗಳ ನಡುವಿನ ದೂರ ಅಳೆದಳು. ಒಟ್ಟು ಏಳುನೂರು ಕಿಲೋಮೀಟರು, ತೊಂಬತ್ತು ನಿಮಿಷ. ಮುರ್ಡೇಶ್ವರಕ್ಕೆ ಐನೂರ ಅರವತ್ತು.

"ಮೂರೂ ಎರಡು," ಎಂದಳು. ಆಗಲೇ ಧನಿಷ್ಠೆ ಹಿಡಿದಾಗಿತ್ತು.

ಅಣ್ಣಪ್ಪ ತಟ್ಟನೆ ಕೇಳಿದ, "ಬಂದರದ ಹತ್ರ ಬಂದ್ಮೇಲೆ ಯಾವ ಬೋಟಾದ್ರೂ ಜೋರಾಗಿ ಓಡ್ತದಾ? ಕಡೆಗೆ ನಿಧಾನ ಮಾಡೂದಿಲ್ವಾ?"

ಹೌದಲ್ಲ! ಇಳಿಯುವಾಗ ವಿಮಾನವೂ ವೇಗ ತಗ್ಗಿಸುತ್ತದೆ, ಸುತ್ತು ಹಾಕುತ್ತದೆ. ಕೊನೆಯ ತುಂಡಿಗೇ ಅರ್ಧ ಗಂಟೆ ಬೇಕು. ಹಾಗಾದರೆ ಮುರ್ಡೇಶ್ವರ ದಾಟಿದ್ದು ಎರಡೂ ಐವತ್ತಕ್ಕೆ! ಇಪ್ಪತ್ತನಾಲ್ಕು ಗಂಟೆಯಲ್ಲಿ ಮೊದಲ ಸಲ ಧನ್ಯಶ್ರೀ ಉಸಿರು ಬಿಟ್ಟಳು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

"ಆತು, ಶ್ರವಣದಲ್ಲೇ ಹೋದ ಅಂತ ಭಟ್ರಿಗೆ ಹೇಳ್ತೆ," ಎನ್ನುತ್ತ ಅಣ್ಣಪ್ಪ ಫೋನು ಹಿಡಿದು ಅಂಗಳಕ್ಕಿಳಿದ.

ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ತಿಮ್ಮಿ ಮಗಳನ್ನು ಹತ್ತಿರ ಕರೆದಳು. ನಿನ್ನೆಯಿಂದ ಅವಳು ಅಲ್ಲಿಂದ ಎದ್ದಿರಲಿಲ್ಲ, ಅತ್ತಿರಲೂ ಇಲ್ಲ.

"ನಿನ್ನ ಲೆಕ್ಕ ತಪ್ಪು, ಮಗಾ. ಆದ್ರೆ ಯಾರಿಗೂ ಹೇಳ್ಬೇಡ."

"ಎಂತ ತಪ್ಪು, ಅಮ್ಮ?"

"ನಿನ್ನೆ ಮೂರು ಗಂಟೆ ಬಸ್ಸು ಹೋಗಿ ಎರಡು ನಿಮಿಷ ಆಗಿತ್ತು. ನಾನು ಅಂಗಳದಲ್ಲಿ ಒಣಮೀನು ಮಗುಚ್ತಾ ಇದ್ದೆ. ನಿನ್ನಪ್ಪ ಬಂದ್ರು. ಬೇಗ ಬಂದ್ರಲ್ಲ ಅಂದೆ. ಮಾತಾಡ್ದೇ ಈ ಕೋಣೆಗೆ ಹೋದ್ರು."

ಧನ್ಯಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಅದನ್ನ ದೊಡ್ಡಪ್ಪಂಗೆ ಯಾಕೆ ಹೇಳ್ಲಿಲ್ಲ?"

ತಿಮ್ಮಿ ಬಾಗಿಲಿಗೆ ಇನ್ನಷ್ಟು ಒತ್ತಿ ಕೂತು, ದನಿ ತಗ್ಗಿಸಿದಳು.

"ಮನೆಗೆ ಬೀಗ ಹಾಕಿದ್ರೆ ಆರು ತಿಂಗಳು ಅವ್ರೊಬ್ರೇ ಒಳಗೆ ಉಳೀತ್ರಲ್ಲೇ?"