ಮೂರನೆಯ ಒಬ್ಬಟ್ಟು

"ಹೊಟ್ಟೆ ತುಂಬಿದ್ಮೇಲೆ ಸಾಕು ಅನ್ನಬೇಕು. ಆಮೇಲೆ ಯಾರೂ ಬಲವಂತ ಮಾಡಲ್ಲ" ಎಂದು ತಾಯಿ ವರ್ಷವಿಡೀ ಮಗಳಿಗೆ ಹೇಳಿಕೊಟ್ಟಿದ್ದಳು. ಯುಗಾದಿಯ ಊಟದಲ್ಲಿ ಎರಡು ಒಬ್ಬಟ್ಟು ತಿಂದ ಮಗಳು ಎಲೆಗೆ ಕೈ ಅಡ್ಡ ಹಿಡಿದಳು.

"ಸಾಕು ಅಜ್ಜಿ."

"ಹೋಗೇ, ಒಬ್ಬಟ್ಟಿಗೆ ಯಾರಾದ್ರೂ ಸಾಕು ಅಂತಾರಾ?" ಅಜ್ಜಿ ಪುಟ್ಟ ಕೈಯನ್ನು ಸರಿಸಿ ಮೂರನೆಯದನ್ನು ಹಾಕಿ, ಮೇಲೆ ತುಪ್ಪ ಸುರಿದರು.

"ಹೊಟ್ಟೆ ತುಂಬಿದೆ. ಅಮ್ಮಾ, ನೀನಾದ್ರೂ ಹೇಳು."

ಅಜ್ಜಿ ಸೊಸೆಯತ್ತ ತಿರುಗಿದರು. "ನೀನು ಕಲಿಸಿದ್ದಾ ಇದು?"

ನಸುಕಿನಿಂದ ಒಲೆಯ ಮುಂದೆ ನಿಂತಿದ್ದವಳಿಗೆ ವಾದಿಸುವ ತ್ರಾಣವಿರಲಿಲ್ಲ.

"ತಿಂದ್ಬಿಡು ಪುಟ್ಟಿ. ಹಬ್ಬದ ದಿನ ಸಾಕು ಅನ್ನಬಾರದು."

ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು.

ಎಲ್ಲರ ಊಟ ಮುಗಿದು, ತಾಯಿ ತನ್ನ ಎಲೆಯ ಮುಂದೆ ಕೂತಿದ್ದಳಷ್ಟೇ. ನಡುಮನೆಯಿಂದ ಅಜ್ಜಿ ಕೂಗಿದರು.

"ನೆಂಟರು ಬಂದ್ರು ಕಣಮ್ಮಾ. ಇನ್ನೊಂದು ಹತ್ತು ಒಬ್ಬಟ್ಟು ತಟ್ಟಿಬಿಡು."

"ಸಾಕಪ್ಪಾ ಸಾಕು" ಎನ್ನುತ್ತಾ ಅವಳು ಗೋಡೆಗೆ ಒರಗಿದಳು.

ಮಗಳು ಓಡಿಬಂದು, ತುಪ್ಪದ ಜಿಡ್ಡಿನ್ನೂ ಹೋಗದ ಕೈಯಿಂದ ಅವಳ ಬಾಯಿ ಮುಚ್ಚಿದಳು.

"ಶ್! ಹಬ್ಬದ ದಿನ ಸಾಕು ಅನ್ನಬಾರದು ಅಮ್ಮಾ."