ಮನನಕ್ಕೆ ಬಿಟ್ಟ ಜಾಗ

ಮೇಷ್ಟ್ರು ತಾವೇ ಬರೆದ ತತ್ತ್ವಶಾಸ್ತ್ರದ ಟಿಪ್ಪಣಿಯನ್ನು ಸಂಜೆ ತರಗತಿಯವರಿಗೆಲ್ಲ ಜೆರಾಕ್ಸ್ ಮಾಡಿಸಿ ಹಂಚಿದ್ದರು. ಎಷ್ಟು ಸಲ ಓದಿದರೂ ಒಂದು ಹಾಳೆಯ ಮಾತು ಮುಂದಿನ ಹಾಳೆಗೆ ಹೊಂದುತ್ತಿರಲಿಲ್ಲ. ನನ್ನ ತಲೆಯ ಬಗ್ಗೆ ನನಗೇ ಹೇಸಿಗೆಯಾಯಿತು. ಕೊನೆಗೆ ತರಗತಿಯಲ್ಲೇ ಎದ್ದು ನಿಂತು ಕೇಳಿದೆ.

"ಸಾರ್, ಇಲ್ಲಿ ಆತ್ಮದ ಮಾತು ಅರ್ಧಕ್ಕೇ ನಿಂತಿದೆ. ಮುಂದಿನ ಹಾಳೇಲಿ ಇದ್ದಕ್ಕಿದ್ದಂತೆ ಮಡಕೆ ಬರುತ್ತೆ. ನಡುವೆ ಏನಾದರೂ ಬಿಟ್ಟುಹೋಗಿದೆಯಾ?"

ಅವರು ಎರಡೂ ಹಾಳೆಗಳನ್ನು ಓದಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ತಳ್ಳಿ ನಕ್ಕರು.

"ಆ ಜಾಗ ಮನನಕ್ಕೆ ಬಿಟ್ಟಿದ್ದು ಕಣಮ್ಮ. ಅದಕ್ಕೆ ಬುದ್ಧಿ ಬೇಕು. ಏನ್ರಪ್ಪಾ, ನಿಮಗೆಲ್ಲ ಅರ್ಥ ಆಗಿದೆ ತಾನೆ?"

"ಆಗಿದೆ ಸಾರ್" ಎಂದಿತು ಇಡೀ ತರಗತಿ.

"ಅಜ್ಜಿಗೆ ಮಡಕೆಯದೇ ಯೋಚನೆ" ಎಂದ ಹಿಂದಿನ ಬೆಂಚಿನವನು. ಮೇಷ್ಟ್ರು ಇನ್ನೊಮ್ಮೆ ನಕ್ಕರು.

ಮರುದಿನ, ಓದು ಬಿಡುವ ಅರ್ಜಿಯ ನಕಲು ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ಅರ್ಜಿ ನೋಡಿ ಮುಖ ಚಿಕ್ಕದು ಮಾಡಿಕೊಂಡಳು.

"ಅಜ್ಜಿ, ನೀವು ಆ ಮೇಷ್ಟ್ರ ಕ್ಲಾಸಿನವರಾ? ನನ್ನಿಂದ ದೊಡ್ಡ ತಪ್ಪಾಗಿದೆ. ಅವರ ಹಾಳೆಗಳಲ್ಲಿ ಎರಡೂ ಕಡೆ ಬರೆದಿತ್ತು, ನಾನು ನೋಡದೆ ಒಂದೇ ಕಡೆ ತೆಗೆದುಕೊಟ್ಟುಬಿಟ್ಟೆ. ಅವರೇ ಬರೆದದ್ದಲ್ವಾ, ನೋಡಿದ ಕೂಡಲೇ ಗೊತ್ತಾಗಿರುತ್ತೆ. ತುಂಬ ಬೈದರಾ?"